ಕೂಡಿದ ತಂತಿ, ಓಡಿದ ಕಾರು

ನಾವು ಹನ್ನೆರಡು ಜನ. ಹಗಲೆಲ್ಲ ಹೊಲ, ಮನೆ, ಕೂಲಿ. ರಾತ್ರಿ ಊಟ ಮುಗಿಸಿ ಕಲಿಕಾ ಕೇಂದ್ರಕ್ಕೆ ಬರುತ್ತೇವೆ. ಒಂದು ರಾತ್ರಿ ದೊಡ್ಡಮ್ಮ ಪುಸ್ತಕದ ಜೊತೆಗೆ ಒಂದು ಆಟದ ಕಾರನ್ನೂ ತಂದರು.

"ಮೊಮ್ಮಗಂದು ಕಣ್ರಪ್ಪ. ಜಾತ್ರೇಲಿ ಕೊಡಿಸಿದ್ದೆ. ರಿಮೋಟಿನ ಗುಂಡಿ ಒತ್ತಿದ್ರೆ ದೂರದಿಂದ್ಲೇ ಓಡೋದು. ಈಗ ಅಲ್ಲಾಡಲ್ಲ," ಅಂದರು.

"ಹೋದ್ರೆ ಹೋಯ್ತು, ಬಿಸಾಕಿ ದೊಡ್ಡಮ್ಮ," ಎಂದ ನಮ್ಮಲ್ಲೊಬ್ಬ.

"ಎರಡು ದಿನದ ಕೂಲಿ ಅದು! ಅದೂ ಅಲ್ದೆ, ನನ್ನ ಮಗ ತಾನೇ ಬಿಚ್ಚಿ, ಕಿತ್ತುಹೋದ ವೈರನ್ನ ಕೈಯಲ್ಲೇ ತಿರುಚಿ ಸೆಲ್ ಹಾಕಿದ. ಕಾರು ಓಡ್ಲಿಲ್ಲ, ಸುಟ್ಟ ವಾಸನೆ ಬಂತು. ವೈರು ಕೆಂಡದ ಹಾಗೆ ಬಿಸಿ. ಕಾರು ಮಗು ಕೈಯಲ್ಲಿತ್ತು. ನೆನೆಸ್ಕೊಂಡ್ರೆ ಇನ್ನೂ ಎದೆ ನಡುಗ್ತದೆ."

ನಾವೆಲ್ಲ ಸುಮ್ಮನಾದೆವು.

ನಮ್ಮ ಜೊತೆ ಓದುವವರಲ್ಲಿ ರೇಡಿಯೋ ಮಾವ ಒಬ್ಬರು. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಕೆಲಸ ಕೈಯಲ್ಲಿದೆ. ಅಕ್ಷರವನ್ನು ಈಗ ಕಲಿಯುತ್ತಿದ್ದಾರೆ. ಅವರು ಕಾರನ್ನು ತಿರುಗಿಸಿ ನೋಡಿದರು.

"ರಿಪೇರಿ ದೊಡ್ಡದಲ್ಲ. ಆದ್ರೆ ಸರಿಯಾಗಿ ಮಾಡ್ಬೇಕು. ನಾನು ಮಾಡಿ ತೋರಿಸ್ತೀನಿ, ನೀವು ಬರ್ಕೊಳ್ಳಿ. ನನಗೆ ಬರೆಯೋದು ಇನ್ನೂ ನಿಧಾನ," ಅಂದರು.

ಅವರು ಹೇಳಿದ್ದನ್ನು ನಾವು ಬರೆದುಕೊಂಡೆವು. ಅದೇ ಈ ಪಾಠ.

ಕಾರಿನ ಹೊಟ್ಟೆಯಲ್ಲಿ ಏನಿದೆ?

ಮಾವ ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಐದು ಮುಖ್ಯ ಭಾಗಗಳು ಕಂಡವು.

ಒಂದು, ಸೆಲ್ ಇಡುವ ಡಬ್ಬಿ. ಇದರಲ್ಲಿ ನಾಲ್ಕು ಸೆಲ್ಲು. ಒಂದೊಂದು ಸೆಲ್ಲಿನ ಬಲ 1.5 ವೋಲ್ಟ್. ನಾಲ್ಕೂ ಸಾಲಾಗಿ ಸೇರಿದರೆ 6 ವೋಲ್ಟ್.

ಎರಡು, ಸ್ವಿಚ್ಚು.

ಮೂರು, ಒಂದು ಪುಟ್ಟ ಹಲಗೆ. ಇದಕ್ಕೆ ಬೋರ್ಡು ಅನ್ನುತ್ತಾರೆ. ಇದು ಕಾರಿನ ಮೆದುಳು.

ನಾಲ್ಕು, ಎರಡು ಮೋಟಾರು. ಹಿಂದಿನದು ಕಾರನ್ನು ಓಡಿಸುತ್ತದೆ. ಮುಂದಿನದು ಚಕ್ರವನ್ನು ಎಡಕ್ಕೆ, ಬಲಕ್ಕೆ ತಿರುಗಿಸುತ್ತದೆ.

ಐದು, ಏರಿಯಲ್ ತಂತಿ. ರೇಡಿಯೋಗೆ ಇರುವಂಥದ್ದೇ.

ರಿಮೋಟಿನ ಗುಂಡಿ ಒತ್ತಿದಾಗ ರೇಡಿಯೋ ಅಲೆ ಹೊರಡುತ್ತದೆ. ಅದು ಕಣ್ಣಿಗೆ ಕಾಣದು. ಏರಿಯಲ್ ಅದನ್ನು ಹಿಡಿಯುತ್ತದೆ. ಬೋರ್ಡು ಅದರ ಅರ್ಥ ತಿಳಿದು ಮೋಟಾರಿಗೆ ಕರೆಂಟು ಬಿಡುತ್ತದೆ. ಈ ವಿದ್ಯೆ ಹೊಸದಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ಅಮೆರಿಕದ ನ್ಯೂಯಾರ್ಕಿನಲ್ಲಿ ಒಂದು ಚಿಕ್ಕ ದೋಣಿಯನ್ನು ಹೀಗೇ ದೂರದಿಂದ ನಡೆಸಿ ತೋರಿಸಿದ್ದರು.

ಕರೆಂಟಿಗೆ ದಾರಿ ಬೇಕು

ಕರೆಂಟು ಸೆಲ್ಲಿನಿಂದ ಹೊರಟು ಸ್ವಿಚ್ಚು, ಬೋರ್ಡು, ಮೋಟಾರು ಸುತ್ತಿ ಮತ್ತೆ ಸೆಲ್ಲಿಗೇ ಬರಬೇಕು. ಈ ಸುತ್ತು ಎಲ್ಲಿ ಕಡಿದರೂ ಕಾರು ನಿಲ್ಲುತ್ತದೆ. ದೊಡ್ಡಮ್ಮನ ಕಾರಿನಲ್ಲಿ ಸೆಲ್ ಡಬ್ಬಿಯ ಕೆಂಪು ತಂತಿ ಸ್ವಿಚ್ಚಿನ ಹತ್ತಿರ ಕಿತ್ತುಹೋಗಿತ್ತು. ಹಿಂದಿನ ಮೋಟಾರಿನ ತಂತಿಗಳೂ ಎಳೆಯ ಮೇಲೆ ನಿಂತಿದ್ದವು.

ಹಾಗಾದರೆ ಬಿಸಿಯಾದದ್ದು ಯಾಕೆ? ಮಾವ ಬೆರಳಿಟ್ಟು ತೋರಿಸಿದರು. ತಿರುಚಿದ ಕೆಂಪು ತಂತಿಗೆ ಮೇಲುಹೊದಿಕೆ ಇರಲಿಲ್ಲ. ಅದು ಪಕ್ಕದ ಕಪ್ಪು ತಂತಿಯ ಬರಿ ತುದಿಗೆ ತಾಗಿತ್ತು. ಕರೆಂಟು ಮೋಟಾರಿನ ತನಕ ಹೋಗಲೇ ಇಲ್ಲ. ಅಡ್ಡದಾರಿ ಹಿಡಿದು ಒಮ್ಮೆಲೇ ಹರಿಯಿತು. ಇದಕ್ಕೇ ಶಾರ್ಟ್ ಆಗೋದು ಅಂತಾರೆ.

"ಕಾಲುವೆ ಒಡೆದ್ರೆ ನೀರು ಗದ್ದೆಗೆ ಹೋಗಲ್ಲ, ನುಗ್ಗಿದ ಕಡೆ ಹಾಳು ಮಾಡ್ತದೆ. ಇದೂ ಹಾಗೇ," ಅಂದರು ಮಾವ.

ಬೇಕಾಗುವ ಸಾಮಾನು

25 ವ್ಯಾಟಿನ ಸೋಲ್ಡರಿಂಗ್ ಐರನ್, ಅದನ್ನು ಇಡಲು ಸ್ಟ್ಯಾಂಡು, ಬೆಸುಗೆ ತಂತಿ, ರಾಳದ ಪೇಸ್ಟು, ಬ್ಲೇಡು, ಒದ್ದೆ ಬಟ್ಟೆ, ದಾರ, ಸ್ಲೀವ್. ಸ್ಲೀವ್ ಅಂದರೆ ತಂತಿಯ ಮೇಲೆ ತೊಡಿಸುವ ಸಣ್ಣ ಕೊಳವೆ. ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಸ್ಲೀವ್ ಒಳ್ಳೆಯದು.

ಸಾಮಾನ್ಯವಾಗಿ ಸಿಗುವ ಬೆಸುಗೆ ತಂತಿಯಲ್ಲಿ ತವರ 60 ಪಾಲು, ಸೀಸ 40 ಪಾಲು. ತವರ ಒಂದೇ ಆದರೆ 232 ಡಿಗ್ರಿಗೆ ಕರಗುತ್ತದೆ. ಸೀಸ ಒಂದೇ ಆದರೆ 327 ಡಿಗ್ರಿಗೆ. ಎರಡೂ ಕೂಡಿದರೆ ಸುಮಾರು 190 ಡಿಗ್ರಿಗೇ ಕರಗಿ ನೀರಾಗುತ್ತದೆ. ಸೀಸ ಇಲ್ಲದ ಬೆಸುಗೆ ತಂತಿಯೂ ಸಿಗುತ್ತದೆ. ಅದಕ್ಕೆ ಇನ್ನೂ ಸ್ವಲ್ಪ ಹೆಚ್ಚು ಬಿಸಿ ಬೇಕು.

ಕೆಲಸದ ಕ್ರಮ

1. ಮೊದಲು ಸೆಲ್ ತೆಗೆಯಿರಿ.

2. ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆ ಎಂದು ಹಾಳೆಯ ಮೇಲೆ ಚಿತ್ರ ಬರೆಯಿರಿ. ಸಾಮಾನ್ಯವಾಗಿ ಕೆಂಪು ಎಂದರೆ ಕೂಡು ಗುರುತು, ಕಪ್ಪು ಎಂದರೆ ಕಳೆ ಗುರುತು.

3. ಹಳೆಯ, ಕಪ್ಪಾದ ತುದಿಯನ್ನು ಕತ್ತರಿಸಿ. ಬ್ಲೇಡಿನಿಂದ ಅರ್ಧ ಬೆರಳುಗುರಿನಷ್ಟು ಹೊದಿಕೆ ಸುಲಿಯಿರಿ. ಒಳಗಿನ ಎಳೆ ಕಡಿಯಬಾರದು. ಎಳೆಗಳನ್ನು ಒಟ್ಟಿಗೆ ಹೊಸೆಯಿರಿ.

4. ಸ್ಲೀವನ್ನು ಈಗಲೇ ತಂತಿಗೆ ತೊಡಿಸಿ, ಹಿಂದಕ್ಕೆ ಸರಿಸಿಡಿ. ಬೆಸೆದ ಮೇಲೆ ತೊಡಿಸಲು ಆಗದು.

5. ತುದಿಗೆ ಸ್ವಲ್ಪ ಪೇಸ್ಟು ಹಚ್ಚಿ. ಬಿಸಿ ಐರನ್ನನ್ನು ತಂತಿಗೆ ತಾಗಿಸಿ. ತಂತಿ ಕಾದ ಮೇಲೆ ಬೆಸುಗೆಯನ್ನು ತಂತಿಗೆ ಮುಟ್ಟಿಸಿ. ಅದು ಕರಗಿ ಎಳೆಗಳ ಒಳಗೆ ಇಳಿಯುತ್ತದೆ.

6. ಸ್ವಿಚ್ಚಿನ ಕಡ್ಡಿಗೂ ಹೀಗೇ ಬೆಸುಗೆ ಹಿಡಿಸಿ. ಆಮೇಲೆ ಎರಡನ್ನೂ ಸೇರಿಸಿ ಐರನ್ ತಾಗಿಸಿ. ಎರಡು ಮೂರು ಸೆಕೆಂಡು ಸಾಕು. ಹೆಚ್ಚು ಹೊತ್ತು ಹಿಡಿದರೆ ಸ್ವಿಚ್ಚಿನ ಪ್ಲಾಸ್ಟಿಕ್ಕು ಕರಗುತ್ತದೆ, ಬೋರ್ಡಿನ ತಾಮ್ರ ಎದ್ದುಬರುತ್ತದೆ.

7. ಐರನ್ ತೆಗೆದ ಮೇಲೆ ಬೆಸುಗೆ ಗಟ್ಟಿಯಾಗುವ ತನಕ ಕೈ ಅಲುಗಿಸಬೇಡಿ. ಬಾಯಿಂದ ಊದಬೇಡಿ.

8. ಆರಿದ ಮೇಲೆ ಮೆಲ್ಲಗೆ ಎಳೆದು ನೋಡಿ. ಗಟ್ಟಿ ಇದ್ದರೆ ಸ್ಲೀವನ್ನು ಬೆಸುಗೆಯ ಮೇಲೆ ಸರಿಸಿ. ಐರನ್ನಿನ ಮಗ್ಗುಲನ್ನು ಹತ್ತಿರ ತಂದರೆ ಅದು ಕುಗ್ಗಿ ಹಿಡಿದುಕೊಳ್ಳುತ್ತದೆ.

ನಮ್ಮಲ್ಲೊಬ್ಬ ಮೊದಲ ಬೆಸುಗೆ ಹಾಕಿದ. ಐರನ್ನಿನ ಮೇಲೆ ಬೆಸುಗೆ ಕರಗಿಸಿ ತಂತಿಯ ಮೇಲೆ ತೊಟ್ಟಿಕ್ಕಿಸಿದ. ಉಂಡೆಯೇನೋ ಆಯಿತು. ಎಳೆದರೆ ಕೈಗೇ ಬಂತು!

ದೊಡ್ಡಮ್ಮ ನಕ್ಕರು. "ಅಯ್ಯೋ ಹುಡುಗ, ಕಲಾಯಿ ಹಾಕೋನನ್ನ ನೋಡಿಲ್ವಾ? ಪಾತ್ರೆ ಉಜ್ಜಿ, ಕಾಯಿಸಿ, ಆಮೇಲೆ ತವರ ಮುಟ್ಟಿಸ್ತಾನೆ. ಪಾತ್ರೆ ಕಾಯ್ದಿದ್ರೆ ಕಲಾಯಿ ಹತ್ತುತ್ತಾ?"

"ಸರಿಯಾಗಿ ಹೇಳಿದ್ರಿ ದೊಡ್ಡಮ್ಮ," ಅಂದರು ಮಾವ. "ಇದೂ ಕಲಾಯಿನೇ. ಕಾಯ್ಬೇಕಾದ್ದು ತಂತಿ. ಅವರು ನವಸಾಗರ ಹಾಕ್ತಾರೆ, ನಾವು ರಾಳ ಹಾಕ್ತೀವಿ. ನವಸಾಗರ ಇಲ್ಲಿ ಬೇಡ, ತಂತಿಗೆ ಕಿಲುಬು ಹಿಡೀತದೆ."

ಒಳ್ಳೆಯ ಬೆಸುಗೆ ನಯವಾಗಿ, ತಂತಿಗೆ ಅಂಟಿಕೊಂಡು ಹರಡಿರುತ್ತದೆ. ಈ ಸೀಸದ ಬೆಸುಗೆ ಹೊಳೆಯಲೂ ಬೇಕು. ಕೆಟ್ಟ ಬೆಸುಗೆ ಮಂಕಾಗಿ, ಒರಟಾಗಿ, ಉಂಡೆಯ ಹಾಗೆ ಕೂತಿರುತ್ತದೆ.

ತಂತಿಗಳನ್ನು ಒಪ್ಪವಾಗಿಡಿ

ಬೆಸುಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ತಂತಿಗಳು ಹೊಟ್ಟೆಯಲ್ಲಿ ಗೊಜಲಾಗಿ ಬಿದ್ದಿದ್ದರೆ ಹಲ್ಲುಚಕ್ರಕ್ಕೆ ಸಿಕ್ಕಿ ಮತ್ತೆ ಕಡಿಯುತ್ತವೆ. ಈ ಕಾರಿನಲ್ಲಿ ಆಗಿದ್ದೂ ಅದೇ.

ತಂತಿಗಳನ್ನು ಪಕ್ಕದ ಗೋಡೆಗೆ ಒತ್ತಿ ಸಾಗಿಸಿ, ಅಲ್ಲಲ್ಲಿ ದಾರದಿಂದ ಕಟ್ಟಿ. ತೀರಾ ಬಿಗಿಯಾಗಿ ಎಳೆಯಬೇಡಿ. ತಿರುಗುವ ಭಾಗದಿಂದ ದೂರವಿರಲಿ. ಮುಚ್ಚಳ ಹಾಕುವಾಗ ಅಂಚಿನಲ್ಲಿ ತಂತಿ ಸಿಕ್ಕದಿರಲಿ.

ಏರಿಯಲ್ ತಂತಿಯನ್ನು ಈ ಕಟ್ಟಿಗೆ ಸೇರಿಸಬೇಡಿ. ಅದನ್ನು ಕತ್ತರಿಸಲೂಬಾರದು, ಸುರುಳಿ ಸುತ್ತಲೂಬಾರದು. ಮೋಟಾರಿನ ಒಳಗೆ ಸಣ್ಣ ಕಿಡಿ ಹಾರುತ್ತಿರುತ್ತದೆ. ಅದು ರೇಡಿಯೋ ಅಲೆಗೆ ಅಡ್ಡಿ ಮಾಡುತ್ತದೆ. ಅದನ್ನು ತಡೆಯಲೆಂದೇ ಮೋಟಾರಿನ ಮೇಲೆ ಹುರುಳಿಕಾಳಿನ ಹಾಗೆ ಒಂದು ಕೆಪಾಸಿಟರ್ ಇರುತ್ತದೆ. ಬೇಡದ್ದು ಅಂತ ಕಿತ್ತು ಹಾಕಬೇಡಿ.

ಕಾರು ಹಿಂದಕ್ಕೆ ಓಡಿತು!

ಎಲ್ಲ ಮುಗಿಸಿ ಸೆಲ್ ಹಾಕಿದೆವು. ದೊಡ್ಡಮ್ಮನೇ ಮುಂದೆ ಹೋಗುವ ಗುಂಡಿ ಒತ್ತಿದರು. ಕಾರು ಸರ್ರನೆ ಹಿಂದಕ್ಕೆ ಹೋಗಿ ಗೋಡೆಗೆ ಗುದ್ದಿತು.

"ಚಿತ್ರ ಎಲ್ಲಿ?" ಎಂದರು ಮಾವ. ಮೋಟಾರಿನ ತಂತಿಗಳ ಚಿತ್ರವನ್ನು ನಾವು ಬರೆದಿರಲಿಲ್ಲ. ಎರಡು ತಂತಿ ಅದಲುಬದಲಾಗಿತ್ತು. ಮತ್ತೆ ಸೆಲ್ ತೆಗೆದು, ಬಿಚ್ಚಿ, ಸರಿಮಾಡಿದೆವು.

"ಮೋಟಾರಿನದು ಅದಲುಬದಲಾದ್ರೆ ಕಾರು ಹಿಂದಕ್ಕೋಡ್ತದೆ, ಅಷ್ಟೆ. ಸೆಲ್ಲಿನ ಕೆಂಪು, ಕಪ್ಪು ಅದಲುಬದಲಾದ್ರೆ ಬೋರ್ಡೇ ಸುಟ್ಟುಹೋಗಬಹುದು. ಅದಕ್ಕೇ ಬರೆದಿಡಿ ಅನ್ನೋದು," ಅಂದರು.

ಎಚ್ಚರಿಕೆ!

ಐರನ್ನಿನ ತುದಿ 300 ಡಿಗ್ರಿಗಿಂತ ಹೆಚ್ಚು ಬಿಸಿಯಾಗುತ್ತದೆ. ಕುದಿಯುವ ನೀರು 100 ಡಿಗ್ರಿ ಮಾತ್ರ. ಐರನ್ ಆರುವ ತನಕ ಮಕ್ಕಳು ಹತ್ತಿರ ಬರಬಾರದು. ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟು, ಇಂಕು, ಎಣ್ಣೆ ಹಚ್ಚಬೇಡಿ.

ಐರನ್ನಿಗೆ ಬರುವುದು ಮನೆಯ 230 ವೋಲ್ಟಿನ ಕರೆಂಟು. ಅದರ ವೈರು ಸುಟ್ಟಿದ್ದರೆ, ಒಡೆದಿದ್ದರೆ ಬಳಸಬೇಡಿ. ಇಲ್ಲಿ ಕಲಿತದ್ದು ಸೆಲ್ಲಿನ ಆಟಿಕೆಗೆ ಮಾತ್ರ. ಮನೆಯ ವೈರಿಂಗಿಗೆ ಕೈ ಹಾಕಬೇಡಿ.

ಸೀಸ ವಿಷ. ಅದು ಮಕ್ಕಳ ಮೆದುಳಿಗೆ ಕೆಡುಕು ಮಾಡುತ್ತದೆ. ಇಷ್ಟು ಸೀಸ ಹೊಟ್ಟೆಗೆ ಹೋದರೆ ಪರವಾಗಿಲ್ಲ ಎಂಬ ಲೆಕ್ಕವೇ ಇಲ್ಲ. ಬೆಸುಗೆ ತಂತಿಯನ್ನು ಬಾಯಲ್ಲಿ ಕಚ್ಚಬೇಡಿ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಈ ಬೆಸುಗೆಯಿಂದ ಅಡುಗೆ ಪಾತ್ರೆಯ ತೂತನ್ನು ಎಂದೂ ಮುಚ್ಚಬಾರದು.

ಬೆಸುಗೆಯ ಹೊಗೆ ಕಣ್ಣಿಗೆ, ಎದೆಗೆ ಒಳ್ಳೆಯದಲ್ಲ. ಗಾಳಿ ಆಡುವ ಕಡೆ ಕೂತು ಮಾಡಿ.

ಸೆಲ್ಲಿಗೆ ನೇರವಾಗಿ ಐರನ್ ತಾಗಿಸಬಾರದು. ಕೆಲವು ಕಾರುಗಳಲ್ಲಿ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ಉಬ್ಬಿದ್ದರೆ ಮುಟ್ಟಿ ನೋಡುವುದೇ ಬೇಡ, ಚುಚ್ಚಲೂಬಾರದು. ಬೆಂಕಿ ಹತ್ತೀತು. ಅಂಥ ಕಾರನ್ನು ತಿಳಿದವರಿಗೆ ತೋರಿಸಿ.

ಮಾವ ಓದಿದರು

ಮಾರನೆಯ ರಾತ್ರಿ ನಾವು ಬರೆದದ್ದನ್ನು ಮಾವನ ಕೈಗೆ ಕೊಟ್ಟೆವು. ಅವರು ಅಕ್ಷರದ ಕೆಳಗೆ ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದರು. ಬಹಳ ಹೊತ್ತು ಹಿಡಿಯಿತು. ಯಾರೂ ಮಾತಾಡಲಿಲ್ಲ.

ಕೊನೆಗೆ ತಲೆ ಎತ್ತಿ ಕೇಳಿದರು: "ಮೊದಲ ಮಾತೇ ಇಲ್ವಲ್ಲ! ಸೆಲ್ ತೆಗೀಬೇಕು ಅಂತ ಎಲ್ಲಿ ಬರೆದಿದ್ದೀರಿ?"

ನಾವು ಹುಡುಕಿದೆವು. ಬರೆದಿರಲಿಲ್ಲ. ಅವರು ಕಾರು ಬಿಚ್ಚಿದ ಕೂಡಲೇ ಸೆಲ್ ತೆಗೆದಿದ್ದರು. ಅದು ಅವರ ಕೈಗೆ ರೂಢಿ. ಬಾಯಲ್ಲಿ ಹೇಳಿರಲಿಲ್ಲ, ನಾವು ನೋಡಿರಲಿಲ್ಲ.

"ಇದನ್ನ ಓದಿ ಯಾರಾದ್ರೂ ಹಾಗೇ ಮಾಡಿದ್ರೆ? ಮತ್ತೆ ಒಂದು ಮಗು ಕೈಯಲ್ಲಿ ಸುಡ್ತಿತ್ತು," ಅಂದರು. ಪೆನ್ನು ತೆಗೆದುಕೊಂಡು, ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ಮೊದಲು ಸೆಲ್ ತೆಗೆಯಿರಿ.

ಕೆಲಸದ ಕ್ರಮದಲ್ಲಿ ನೀವು ಓದಿದ ಮೊದಲ ಸಾಲು ಅದೇ. ರೇಡಿಯೋ ಮಾವ ಸ್ವಂತ ಕೈಯಿಂದ ಬರೆದದ್ದು.

ಹೇಳಿ ನೋಡೋಣ

1. ದೊಡ್ಡಮ್ಮನ ಕಾರಿನ ವೈರು ಬಿಸಿಯಾದದ್ದು ಯಾಕೆ?
2. ಸ್ಲೀವನ್ನು ಯಾವಾಗ ತೊಡಿಸಬೇಕು?
3. ಒಳ್ಳೆಯ ಬೆಸುಗೆ ಹೇಗಿರುತ್ತದೆ? ಕೆಟ್ಟದ್ದು ಹೇಗಿರುತ್ತದೆ?
4. ಬೆಸುಗೆ ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು. ಯಾಕೆ?

ನೀವೂ ಮಾಡಿ

ನಿಮ್ಮ ಊರಿನಲ್ಲಿ ಕೈಕೆಲಸ ಬಲ್ಲವರು ಯಾರಿದ್ದಾರೆ? ಅವರ ಹತ್ತಿರ ಕೂತು ಒಂದು ಕೆಲಸವನ್ನು ಕ್ರಮವಾಗಿ ಬರೆದುಕೊಳ್ಳಿ. ಆಮೇಲೆ ಅವರಿಗೇ ಓದಿ ಹೇಳಿ. ಬಿಟ್ಟುಹೋದದ್ದು ಏನು ಎಂದು ಕೇಳಿ.