ನಿದ್ದೆ ಬಾರದ ಅಗ್ನಿಶಾಮಕನಿಗೆ ಕಾನೂನಿನಲ್ಲಿ ಏನಿದೆ?

2019ರ ಮಾರ್ಚ್ 19, ಮಂಗಳವಾರ. ಹೋಳಿ ಹುಣ್ಣಿಮೆ ಎದುರಿಗಿತ್ತು. ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಜನ ಸೇರುವ ದಿನಗಳು. ಆ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದುಬಿತ್ತು. ಸತ್ತವರು 19 ಮಂದಿ. ಮೂರು ದಿನ ಕಳೆದ ಮೇಲೂ ಅದರಡಿಯಿಂದ ಜೀವಂತ ಬಂದವರಿದ್ದರು. ಕಾಂಕ್ರೀಟಿನ ಸಂದಿಯಲ್ಲಿ ತಲೆ ಹಾಕಿ ಕೂಗಿ, ಉತ್ತರ ಬರುತ್ತದೇನೋ ಎಂದು ಉಸಿರು ಬಿಗಿಹಿಡಿದವರು ಆಮೇಲೆ ಮನೆಗೆ ಹೋಗಿ ಹೇಗೆ ಮಲಗಿದರು ಎಂದು ಕೇಳಿದವರು ಕಡಿಮೆ.

ಹಳ್ಳಿ ಕಡೆಯ ಫೈರ್ ಸ್ಟೇಷನ್ನಿಗೆ ಅಂಥ ದೊಡ್ಡ ಕರೆ ಅಪರೂಪ. ಬರುವುದು ಬಣವಿಯ ಬೆಂಕಿ, ಸಿಲಿಂಡರ್ ಸೋರಿಕೆ, ಮಲಪ್ರಭಾ ಕಾಲುವೆಗೆ ಬಿದ್ದವರು, ಮಳೆಗಾಲದಲ್ಲಿ ಬೆಣ್ಣಿಹಳ್ಳದ ಪ್ರವಾಹ. ಬಣವಿ ಸುಟ್ಟರೆ ರೈತನ ನಿದ್ದೆ ಹೋಗುತ್ತದೆ. ಬಾವಿಯಿಂದ ಕೂಸಿನ ಹೆಣ ಎತ್ತಿದ ರಾತ್ರಿ ಅಗ್ನಿಶಾಮಕನ ನಿದ್ದೆ ಹೋಗುತ್ತದೆ.

ಕುಂದಗೋಳ ಕಡೆಯ ಒಬ್ಬ ಅಗ್ನಿಶಾಮಕನ ಮನೆ ಅಂದುಕೊಳ್ಳೋಣ. ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂದರೆ ಸಾಕು, ಅವನು ತಾಟು ಸರಿಸಿ ಎದ್ದು ಅಂಗಳಕ್ಕೆ ಹೋಗುತ್ತಾನೆ. ‘ಯಾಕ್ರಿ, ಏನಾತು?’ ಅಂದರೆ, ‘ಏನಿಲ್ಲ ಬಿಡು’. ರಾತ್ರಿ ಅದೇ ಕನಸು. ದಿನ ಕಳೆದಂತೆ ಕುಡಿತ ಹೆಚ್ಚಾಗುತ್ತದೆ. ಮನೆಯವರು ತಾಯತ ಕಟ್ಟಿಸುತ್ತಾರೆ, ಸ್ಟೇಷನ್ನಿನಲ್ಲಿ ‘ಡ್ಯೂಟಿ ತಪ್ಪಿಸಾಕ ನಾಟಕ’ ಅನ್ನುತ್ತಾರೆ. ಇಂಥ ಲಕ್ಷಣಗಳು ತಿಂಗಳು ದಾಟಿದರೂ ಬಿಡದೆ ಬದುಕನ್ನೇ ಕೆಡಿಸಿದರೆ ವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಇರಬಹುದೇ ಎಂದು ನೋಡುತ್ತಾರೆ.

ಈ ಕಾಯಿಲೆಗೆ ಒಂದು ಕೆಟ್ಟ ಗುಣವಿದೆ: ತಡವಾಗಿಯೂ ಬರುತ್ತದೆ. ಆಸ್ಟ್ರೇಲಿಯದಲ್ಲಿ 1983ರ ಕಾಳ್ಗಿಚ್ಚು ನಂದಿಸಿದ 469 ಸ್ವಯಂಸೇವಕರನ್ನು ಮನೋವೈದ್ಯ ಅಲೆಕ್ಸಾಂಡರ್ ಮ್ಯಾಕ್‌ಫರ್ಲೇನ್ 4, 11 ಮತ್ತು 29 ತಿಂಗಳಿಗೆ ವಿಚಾರಿಸಿದರು. ಮೊದಲು ಚೆನ್ನಾಗಿಯೇ ಇದ್ದ ಕೆಲವರಿಗೆ ಆಮೇಲೆ ತೊಂದರೆ ಶುರುವಾಗಿತ್ತು. ಕಾನೂನಿನ ಪ್ರಶ್ನೆ ಏಳುವುದು ಇಲ್ಲೇ. ಎರಡು ವರ್ಷದ ಹಿಂದಿನ ಕರೆಗೂ ಇಂದಿನ ಸಂಕಟಕ್ಕೂ ಇರುವ ನಂಟನ್ನು ಕಾಗದವಿಲ್ಲದೆ ತೋರಿಸುವುದು ಹೇಗೆ?

ಆದ್ದರಿಂದ ಮೊದಲ ಕಾಗದ ಆಸ್ಪತ್ರೆಯ ಚೀಟಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 18ನೇ ಕಲಂ ಸರ್ಕಾರಿ ಮಾನಸಿಕ ಚಿಕಿತ್ಸೆಯನ್ನು ಎಲ್ಲರ ಹಕ್ಕಾಗಿಸಿದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಅದು ಉಚಿತ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರದ ಕ್ಲಿನಿಕ್ ಇದೆ. ಹೋಗುವ ಮುನ್ನ ವೈದ್ಯರು ಬರುವ ದಿನ ವಿಚಾರಿಸಿಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ನಡುರಾತ್ರಿ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಹೊರರೋಗಿಯಾಗಿ ತೋರಿಸಿಕೊಳ್ಳಲು ಸಾಹೇಬರ ಪತ್ರ ಬೇಕಿಲ್ಲ.

ಸ್ಟೇಷನ್ನಿಗೆ ಗೊತ್ತಾಗುತ್ತದೆಂಬ ಅಂಜಿಕೆಗೆ ಅದೇ ಕಾಯ್ದೆಯ 23ನೇ ಕಲಂ ಉತ್ತರ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶ ಮುಂತಾದ ಕೆಲವು ಸಂದರ್ಭ ಬಿಟ್ಟರೆ ವೈದ್ಯರು ರೋಗಿಯ ವಿಷಯ ಹೊರಗೆ ಹೇಳುವಂತಿಲ್ಲ. ಚಿಕಿತ್ಸೆಯ ದಾಖಲೆ ಕೇಳಿ ಪಡೆಯುವ ಹಕ್ಕು 25ನೇ ಕಲಂನಲ್ಲಿದೆ. ವಿಮೆ ಕಂಪನಿ ‘ಇದು ಮನಸ್ಸಿನ ರೋಗ’ ಎಂಬ ಒಂದೇ ಕಾರಣಕ್ಕೆ ಕೈಬಿಡುವಂತಿಲ್ಲ, ದೇಹದ ಕಾಯಿಲೆಗಿರುವ ನಿಯಮವೇ ಇದಕ್ಕೂ ಅನ್ವಯ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಆರೈಕೆ ಕೊಡಬೇಕು ಎನ್ನುತ್ತದೆ 115ನೇ ಕಲಂ.

ಚಿಕಿತ್ಸೆ ಅಂದರೆ ಶಾಕ್ ಕೊಡುತ್ತಾರೆ, ಕೂಡಿ ಹಾಕುತ್ತಾರೆ ಎಂದು ಅಂಜುವವರು ಇನ್ನೂ ಇದ್ದಾರೆ. ಪಿಟಿಎಸ್‌ಡಿಗೆ ಮುಖ್ಯವಾದದ್ದು ತರಬೇತಿ ಪಡೆದವರ ಮುಂದೆ ಕೂತು, ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಮಾತಿನ ಚಿಕಿತ್ಸೆ. ಬೇಕಾದರೆ ಸರ್ಟ್ರಾಲಿನ್‌ನಂಥ ಮಾತ್ರೆ. ಘಟನೆಯಾದ ತಕ್ಷಣ ಎಲ್ಲರನ್ನೂ ಒಮ್ಮೆ ಕೂಡಿಸಿ ಅನುಭವ ಹೇಳಿಸಿ ಕಳಿಸಿದರೆ ಕಾಯಿಲೆ ತಪ್ಪುವುದಿಲ್ಲ. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ನಿದ್ದೆ ಗುಳಿಗೆ ಇನ್ನೂ ಕೆಟ್ಟದ್ದು.

ಎರಡನೇ ಕಾಗದ ಕರೆಯ ದಾಖಲೆ. ಯಾವ ದಿನ, ಯಾವ ಊರು, ಏನು ಕೆಲಸ ಎಂಬುದು ಸ್ಟೇಷನ್ನಿನ ದಾಖಲೆಯಲ್ಲಿರುತ್ತದೆ. ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇವೆರಡನ್ನೂ ಲಗತ್ತಿಸಿ, ಕೆಲವು ಕಾಲ ಬೇರೆ ಕೆಲಸ ಕೊಡಿರೆಂದು ಬರಹದಲ್ಲಿ ಕೇಳಬೇಕು. ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ಬಾಯಿಮಾತಿನ ‘ನೋಡೂಣ ಬಿಡು’ ಯಾವ ನ್ಯಾಯಾಲಯದಲ್ಲೂ ನಿಲ್ಲುವುದಿಲ್ಲ.

ಕಾಯಿಲೆ ದೀರ್ಘಕಾಲ ಉಳಿದು ಅಂಗವೈಕಲ್ಯದ ಮಟ್ಟ ಮುಟ್ಟಿದರೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 20(4)ನೇ ಕಲಂ ಆಸರೆಗೆ ಬರುತ್ತದೆ. ಸೇವೆಯಲ್ಲಿದ್ದಾಗ ವೈಕಲ್ಯಕ್ಕೊಳಗಾದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ವಿನಾಯಿತಿ ಪಡೆದ ಇಲಾಖೆಗಳೂ ಇರಬಹುದು, ಅದನ್ನು ವಕೀಲರಲ್ಲಿ ಕೇಳಿಕೊಳ್ಳಿ. ನಾಲ್ಕು ರಾತ್ರಿ ನಿದ್ದೆಗೆಟ್ಟವರಿಗೆಲ್ಲ ಇದು ಸಿಗದು. ಮಾನಸಿಕ ಕಾಯಿಲೆಯೂ ಈ ಕಾಯ್ದೆಯ ಪಟ್ಟಿಯಲ್ಲಿದೆ ಎಂಬುದು ಮಾತ್ರ ಖರೆ. ಖಿನ್ನತೆ ಮತ್ತು ಗೀಳಿನ ಕಾಯಿಲೆಯಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮೇಲೆ ಶಿಸ್ತುಕ್ರಮ ನಡೆದಾಗ, 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಅವರು ಆ ಕೆಲಸಕ್ಕೆ ಯೋಗ್ಯರಲ್ಲವೆಂದು ಕಂಡರೆ 20(4)ರ ರಕ್ಷಣೆ ಇದೆ ಎಂದಿತು. ಸಮವಸ್ತ್ರದ ನೌಕರಿಯವರು ಕೈಯಲ್ಲಿಟ್ಟುಕೊಳ್ಳಬೇಕಾದ ತೀರ್ಪಿದು.

ವೈಕಲ್ಯದ ಕಾರಣಕ್ಕೆ ನೌಕರಿಯಲ್ಲಿ ತಾರತಮ್ಯವಾದರೆ ಅದರ ದೂರು ಮೊದಲು ಇಲಾಖೆಯ ಕುಂದುಕೊರತೆ ಅಧಿಕಾರಿಗೆ ಹೋಗಬೇಕು. ನೋಂದಾಯಿಸಿದ ಎರಡು ವಾರದಲ್ಲಿ ಅವರು ವಿಚಾರಿಸಬೇಕು. ಅಂತಿಮ ಆದೇಶವೇ ವಿರುದ್ಧ ಬಂದರೆ ಆಡಳಿತ ನ್ಯಾಯಮಂಡಳಿ, ನಮ್ಮ ಭಾಗಕ್ಕೆ ಬೆಳಗಾವಿ ಪೀಠ. ಅವಧಿ ಸಾಮಾನ್ಯವಾಗಿ ಒಂದು ವರ್ಷ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಉಂಟು.

ಇನ್ನು ಫೈರ್ ಗಾಡಿ ಬರುವ ಮೊದಲೇ ಬಾವಿಗಿಳಿಯುವ ಊರ ಹುಡುಗರ ಮಾತು. ಅವರಿಗೆ ಇಲಾಖೆಯಿಲ್ಲ, ಬೇರೆ ಡ್ಯೂಟಿ ಕೇಳುವ ದಾರಿಯಿಲ್ಲ. ಆದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಮತ್ತು 14416 ಅವರವೂ ಹೌದು. ಕೆರೆ ದಂಡೆಯಲ್ಲಿ ಪಂಚನಾಮೆಗೆ ಸಹಿ ಹಾಕಿ ಮನೆಗೆ ಹೋಗುವ ಹುಡುಗನ ಮೊಬೈಲಿನಲ್ಲಿ ಆ ನಂಬರ್ ಅಲ್ಲೇ ಯಾರಾದರೂ ಸೇವ್ ಮಾಡಿ ಕೊಡಬಹುದು.