ಪಾಠ 12: ಯಾರು ಎಷ್ಟು ಸಲ ಗೆದ್ದರು?

ಸಂಜೆ ಏಳು ಗಂಟೆ. ನಮ್ಮ ಕಲಿಕಾ ಕೇಂದ್ರದಲ್ಲಿ ಎಲ್ಲರೂ ಸೇರಿದ್ದರು. ಒಬ್ಬ ಅಕ್ಕ ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದರು. ಅದು ಕಡಲೆಪುರಿ ಕಟ್ಟಿದ್ದ ಹಳೇ ಪತ್ರಿಕೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

"ಮೋ...ಹ...ನ್. ಬಾ...ಗಾ...ನ್. ಟೀಚರಮ್ಮ, ಈ ಮೋಹನ ಯಾರು? ಏನೋ ಗೆದ್ದವನಂತೆ. ಎಲೆಕ್ಷನ್ನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಕ್ಕ ಓದಿದ್ದು ಸರಿಯಾಗಿತ್ತು. ಒಂದಕ್ಷರವೂ ತಪ್ಪಿರಲಿಲ್ಲ.

"ಅದು ಒಬ್ಬ ಮನುಷ್ಯನ ಹೆಸರಲ್ಲ ಅಕ್ಕ. ಅದು ಫುಟ್‌ಬಾಲ್ ಕ್ಲಬ್ಬು. ಕಾಲ್ಚೆಂಡು ಆಡುವವರ ಸಂಘ. ಊರು ಕೋಲ್ಕತ್ತಾ. ಬಾಗಾನ್ ಅಂದರೆ ಬಂಗಾಳಿ ಮಾತಿನಲ್ಲಿ ತೋಟ" ಅಂದೆ.

ಅಕ್ಕನ ಮುಖ ಸಪ್ಪಗಾಯಿತು. "ಕಾಲ್ಚೆಂಡಾ? ನನ್ನ ಮಗಳಿಗೂ ಅದೇ ಹುಚ್ಚು. ಈಗ ಒಂಬತ್ತನೇ ಕ್ಲಾಸು. ದೊಡ್ಡವಳಾಗಿದ್ದಾಳೆ. ಇನ್ನು ಸಾಕು, ಬಿಡಿಸೋಣ ಅಂತಿದೀನಿ."

ಆ ಮಾತಿಗೆ ನಾನು ಆಗಲೇ ಉತ್ತರ ಕೊಡಲಿಲ್ಲ. "ಮೊದಲು ಈ ಆಟದ ಲೆಕ್ಕ ಓದೋಣ. ಆಮೇಲೆ ಆ ಮಾತು" ಅಂದೆ.

ಕ್ಲಬ್ ಅಂದರೆ ಏನು?

ಕ್ಲಬ್ ಅಂದರೆ ಸಂಘ. ನಮ್ಮ ಮಹಿಳಾ ಸಂಘದ ಹಾಗೆ ಅದಕ್ಕೂ ಅಧ್ಯಕ್ಷರು ಇರುತ್ತಾರೆ. ಲೆಕ್ಕದ ಪುಸ್ತಕ ಇರುತ್ತದೆ. ಆಟಗಾರರು ದಿನಾ ಅಭ್ಯಾಸ ಮಾಡುತ್ತಾರೆ. ಒಬ್ಬ ಆಟಗಾರ ಹತ್ತು ಹದಿನೈದು ವರ್ಷ ಆಡಬಹುದು. ಆಮೇಲೆ ವಯಸ್ಸಾಗುತ್ತದೆ. ಅವನು ಹೋದರೂ ಸಂಘ ಉಳಿಯುತ್ತದೆ. ಹೊಸಬರು ಬರುತ್ತಾರೆ. ಆದ್ದರಿಂದಲೇ ನೂರು ವರ್ಷದ ಗೆಲುವನ್ನೂ ಎಣಿಸಿ ಇಡಬಹುದು.

ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ. ಆಗ ನಮ್ಮನ್ನು ಬ್ರಿಟಿಷರು ಆಳುತ್ತಿದ್ದರು. ದೊಡ್ಡ ಪಂದ್ಯಗಳನ್ನು ಹೆಚ್ಚಾಗಿ ಅವರ ಸೈನಿಕರ ತಂಡಗಳೇ ಗೆಲ್ಲುತ್ತಿದ್ದವು. 1911ರ ಜುಲೈ 29ರಂದು ಐ.ಎಫ್.ಎ. ಶೀಲ್ಡ್ ಎಂಬ ಪಂದ್ಯಾವಳಿಯ ಕೊನೆಯ ಆಟ ನಡೆಯಿತು. ಒಂದು ಕಡೆ ಈಸ್ಟ್ ಯಾರ್ಕ್‌ಷೈರ್ ಎಂಬ ಸೈನಿಕರ ತಂಡ. ಅವರಿಗೆ ಬೂಟು ಇತ್ತು. ಇನ್ನೊಂದು ಕಡೆ ಮೋಹನ್ ಬಾಗಾನ್. ಅವರ 11 ಜನರಲ್ಲಿ 10 ಜನ ಬರಿಗಾಲಲ್ಲೇ ಆಡಿದರು. ಗೆದ್ದವರು ಯಾರು ಗೊತ್ತೇ? ಬರಿಗಾಲಿನವರು. ಅವರದು 2 ಗೋಲು, ಸೈನಿಕರದು 1.

ಗೆಲುವಿನ ಲೆಕ್ಕ

ನಮ್ಮ ದೇಶದ ಪಂದ್ಯಗಳಲ್ಲಿ ಎರಡು ಬಗೆ ಇವೆ. ಒಂದು ಕಪ್. ಇದರ ಕೊನೆಯ ಹಂತಗಳಲ್ಲಿ ಸೋತವರು ಮನೆಗೆ. ಇನ್ನೊಂದು ಲೀಗ್. ಇದರಲ್ಲಿ ಎಲ್ಲರೂ ಎಲ್ಲರ ಜೊತೆ ಆಡಬೇಕು. ಗೆದ್ದರೆ 3 ಅಂಕ. ಸಮ ಆದರೆ 1 ಅಂಕ. ಸೋತರೆ ಸೊನ್ನೆ. ಈಗ ಈ ಲೆಕ್ಕ ಓದಿ. ಇದು 2025ರ ತನಕದ ಲೆಕ್ಕ.

ಡುರಾಂಡ್ ಕಪ್ (1888ರಲ್ಲಿ ಶುರು):
ಮೋಹನ್ ಬಾಗಾನ್ 17 ಸಲ, ಈಸ್ಟ್ ಬೆಂಗಾಲ್ 16 ಸಲ.

ಫೆಡರೇಷನ್ ಕಪ್ (1977ರಲ್ಲಿ ಶುರು, 2017ರಲ್ಲಿ ಮುಗಿಯಿತು):
ಮೋಹನ್ ಬಾಗಾನ್ 14 ಸಲ, ಈಸ್ಟ್ ಬೆಂಗಾಲ್ 8 ಸಲ.

ರಾಷ್ಟ್ರೀಯ ಲೀಗ್ ಮತ್ತು ಅದರ ಜಾಗಕ್ಕೆ ಬಂದ ಐ-ಲೀಗ್ (1996ರಲ್ಲಿ ಶುರು):
ಮೋಹನ್ ಬಾಗಾನ್ 5 ಸಲ, ಗೋವಾದ ಡೆಂಪೊ 5 ಸಲ, ಈಸ್ಟ್ ಬೆಂಗಾಲ್ 3 ಸಲ.

ಈಸ್ಟ್ ಬೆಂಗಾಲ್ ಕೂಡ ಕೋಲ್ಕತ್ತಾದ ಕ್ಲಬ್ಬೇ. 1920ರಲ್ಲಿ ಹುಟ್ಟಿತು. ಪೂರ್ವ ಬಂಗಾಳದ ಕಡೆಯಿಂದ ಬಂದು ನೆಲೆಸಿದವರು ಇದನ್ನು ತಮ್ಮದು ಅಂದುಕೊಂಡರು. ಇವೆರಡು ಎದುರಾದ ದಿನ ಊರಿಗೆ ಊರೇ ಎರಡು ಪಾಲು. ಅಡುಗೆಮನೆಗೂ ಆಟ ಬರುತ್ತದೆ! ಮೋಹನ್ ಬಾಗಾನ್ ಗೆದ್ದರೆ ಆ ಕಡೆಯವರ ಮನೆಯಲ್ಲಿ ಸಿಗಡಿ ಸಾರು. ಈಸ್ಟ್ ಬೆಂಗಾಲ್ ಗೆದ್ದರೆ ಈ ಕಡೆಯವರ ಮನೆಯಲ್ಲಿ ಹಿಲ್ಸಾ ಮೀನು.

"ನಮ್ಮ ಕಡೆಯೋರು ಯಾರೂ ಗೆದ್ದೇ ಇಲ್ವಾ?" ಅಂತ ಇನ್ನೊಬ್ಬರು ಕೇಳಿದರು.

ಗೆದ್ದಿದ್ದಾರೆ. ಮುಂಬೈಯ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು 1937ರ ಮಾತು. ಮೊಟ್ಟಮೊದಲ ಫೆಡರೇಷನ್ ಕಪ್ಪನ್ನು 1977ರಲ್ಲಿ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ತಂಡ ಗೆದ್ದಿತು. ಸೋತವರು ಯಾರು? ಅದೇ ಮೋಹನ್ ಬಾಗಾನ್. ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ. ಅದು ಐ-ಲೀಗ್ ಅನ್ನು 2 ಸಲ ಗೆದ್ದಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಅಂತ ಹೊಸ ಪಂದ್ಯ ಬಂತು. ಅದನ್ನು 2019ರಲ್ಲಿ ಬೆಂಗಳೂರಿನವರು ಗೆದ್ದರು. 2023ರಲ್ಲಿ ಮತ್ತು 2025ರಲ್ಲಿ ಕೊನೆಯ ಆಟದ ತನಕ ಬಂದು ಸೋತರು. ಎರಡು ಸಲವೂ ಗೆದ್ದದ್ದು ಮೋಹನ್ ಬಾಗಾನ್.

ಹೆಂಗಸರ ಲೆಕ್ಕ ಎಲ್ಲಿ?

ಪತ್ರಿಕೆ ತಂದ ಅಕ್ಕ ಸುಮ್ಮನೆ ಕೂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು. "ಇದೆಲ್ಲ ಗಂಡಸರ ಲೆಕ್ಕ. ಹೆಂಗಸರದು ಇಲ್ವಾ ಟೀಚರಮ್ಮ?"

ಇದೆ. ಆದರೆ ಅದು ತಡವಾಗಿ ಶುರುವಾಯಿತು. ಗಂಡಸರ ಡುರಾಂಡ್ ಕಪ್ ಶುರುವಾದದ್ದು 1888ರಲ್ಲಿ. ಹೆಂಗಸರ ಕ್ಲಬ್‌ಗಳಿಗೆ ದೇಶದ ಮಟ್ಟದ ಲೀಗ್ ಬಂದು, ಮೊದಲ ಸಲ ಗೆದ್ದವರ ಹೆಸರು ಬರೆದದ್ದು 2017ರಲ್ಲಿ. ನಡುವೆ 129 ವರ್ಷ! ಅಷ್ಟು ವರ್ಷ ಹೆಂಗಸರಿಗೆ ಆಡಲು ಬರುತ್ತಿರಲಿಲ್ಲ ಅಂತಲ್ಲ. ಅವರ ಗೆಲುವು ಬರೆದಿಡುವ ಪುಸ್ತಕವೇ ಇರಲಿಲ್ಲ.

ಈಗ ಆ ಪುಸ್ತಕ ಇದೆ. ಓದಿ:

2017: ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಮಣಿಪುರ
2018: ರೈಸಿಂಗ್ ಸ್ಟೂಡೆಂಟ್ಸ್, ಒಡಿಶಾ
2019: ಸೇತು, ತಮಿಳುನಾಡು
2020: ಗೋಕುಲಂ, ಕೇರಳ
2022: ಗೋಕುಲಂ, ಕೇರಳ
2023: ಗೋಕುಲಂ, ಕೇರಳ
2024: ಒಡಿಶಾ ಎಫ್.ಸಿ., ಒಡಿಶಾ
2025: ಈಸ್ಟ್ ಬೆಂಗಾಲ್, ಪಶ್ಚಿಮ ಬಂಗಾಳ

2021ರಲ್ಲಿ ಲೀಗ್ ನಡೆಯಲಿಲ್ಲ. ಅದು ಕೊರೊನಾ ಕಾಲ.

2023ರ ಕೊನೆಯ ಆಟದಲ್ಲಿ ಗೋಕುಲಂಗೆ ಎದುರಾಗಿ ಆಡಿದ್ದು ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಂಬ ಕ್ಲಬ್. ನಮ್ಮವರು ಸೋತರು. ಆದರೂ ದೇಶಕ್ಕೆ ಎರಡನೆಯವರಾದರು.

ಮೊದಲ ವರ್ಷ ಗೆದ್ದ ಮಣಿಪುರದ ತಂಡದಲ್ಲಿ ಬೆಂಬೆಂ ದೇವಿ ಎಂಬ ಆಟಗಾರ್ತಿ ಇದ್ದರು. ಚಿಕ್ಕಂದಿನಲ್ಲಿ ಅವರು ಗಂಡುಹುಡುಗರ ಜೊತೆ ಆಡಿ ಕಲಿತವರು. ಮುಂದೆ ಭಾರತ ತಂಡದ ನಾಯಕಿಯಾದರು. 2020ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಅಕ್ಕ ಆ ಪಟ್ಟಿಯನ್ನು ಎರಡು ಸಲ ಓದಿದರು. ಮತ್ತೆ ಬೆರಳು ಮಡಚಿ ಎಣಿಸಿದರು. "ಬರೀ ಎಂಟು ಸಾಲು. ಈಗ ತಾನೇ ಶುರುವಾಗಿದೆ" ಅಂದರು. ಆಮೇಲೆ ಹೇಳಿದರು, "ಈ ಪುಸ್ತಕ ಇವತ್ತು ಮನೆಗೆ ಒಯ್ತೀನಿ ಟೀಚರಮ್ಮ."

ಮರುದಿನ ಸಂಜೆ ಅಕ್ಕ ಎಲ್ಲರಿಗಿಂತ ಮೊದಲು ಬಂದರು.

"ರಾತ್ರಿ ಮಗಳ ಮುಂದೆ ಕೂತು ಓದಿದೆ. ಗೋಕುಲಂ ಮೂರು ಸಲ ಗೆದ್ದಿದೆ ಕಣೇ ಅಂದೆ. ಅವಳು ಬಾಯಿ ಬಿಟ್ಕೊಂಡು ನನ್ನೇ ನೋಡ್ತಾ ಇದ್ಲು. ಗೋಕುಲಂ ಅವಳಿಗೆ ಮೊದಲೇ ಗೊತ್ತಂತೆ. ನಾನು ಓದ್ತೀನಿ ಅನ್ನೋದು ಅವಳಿಗೆ ಹೊಸದು!"

"ಆಮೇಲೆ?" ಅಂದೆವು ಎಲ್ಲರೂ.

"ಆಮೇಲೇನು? ಬೆಳಗ್ಗೆ ಅಭ್ಯಾಸ ಇದೆ, ಐದು ಗಂಟೆಗೆ ಎಬ್ಬಿಸಮ್ಮ ಅಂದ್ಲು. ಎಬ್ಬಿಸಿದೆ."

ಹೊಸ ಪದಗಳು: ಪಂದ್ಯಾವಳಿ, ಅಂಕ, ತಂಡ, ನಾಯಕಿ, ಅಭ್ಯಾಸ. ಒಂದೊಂದನ್ನೂ ಮೂರು ಸಲ ಬರೆಯಿರಿ.

ಲೆಕ್ಕ ಮಾಡಿ:
1. ಮೋಹನ್ ಬಾಗಾನ್ ಡುರಾಂಡ್ ಕಪ್ 17 ಸಲ, ಫೆಡರೇಷನ್ ಕಪ್ 14 ಸಲ ಗೆದ್ದಿದೆ. ಒಟ್ಟು ಎಷ್ಟು ಸಲ?
2. ಒಂದು ತಂಡ ಲೀಗ್‌ನಲ್ಲಿ 4 ಆಟ ಗೆದ್ದಿತು. 2 ಆಟ ಸಮ ಆಯಿತು. ಅಂಕ ಎಷ್ಟು?
3. ಹೆಂಗಸರ ಲೀಗ್ ಪಟ್ಟಿ ನೋಡಿ. ಒಡಿಶಾ ರಾಜ್ಯದ ತಂಡಗಳು ಎಷ್ಟು ಸಲ ಗೆದ್ದಿವೆ?

ಸೇರಿ ಮಾತಾಡಿ: ನಿಮ್ಮೂರಿನ ಹೆಣ್ಣುಮಕ್ಕಳು ಏನೇನು ಆಡುತ್ತಾರೆ? ಎಷ್ಟನೇ ಕ್ಲಾಸಿಗೆ ಆಟ ನಿಲ್ಲಿಸುತ್ತಾರೆ? ನಿಲ್ಲಿಸುವವರು ಯಾರು?