ಮಕ್ಕಳ ಮೊದಲ ಕಾರು: ಇನ್ಶೂರೆನ್ಸ್ ಮೊದಲು, ಕಾರು ಆಮೇಲೆ

ಊರಿನಿಂದ ಬ್ರಿಟನ್ನಿಗೆ ಬಂದು ನೆಲೆಸುತ್ತಿರುವ ಮನೆಯಲ್ಲಿ ಹದಿನೇಳು ತುಂಬಿದ ಮಗನೋ ಮಗಳೋ ಇದ್ದರೆ ಕಾರಿನ ಮಾತು ಬಂದೇ ಬರುತ್ತದೆ. ಅದು ಬರೀ ಶೋಕಿಯ ಮಾತಲ್ಲ. ಪಟ್ಟಣದಿಂದ ಸ್ವಲ್ಪ ದೂರವಿದ್ದರೂ ಬಸ್ಸು ಗಂಟೆಗೊಂದು, ಸಂಜೆಯ ಪಾರ್ಟ್‌ಟೈಮ್ ಕೆಲಸ ಮುಗಿಯುವ ಹೊತ್ತಿಗೆ ಅದೂ ಇರುವುದಿಲ್ಲ. ಆಗ ನಾವು ಊರಿನ ಲೆಕ್ಕ ಹಿಡಿದು ಕೂರುತ್ತೇವೆ: ಕಾರಿಗೆ ಎಷ್ಟು, ಎಷ್ಟು ಓಡಿದೆ, ಪೆಟ್ರೋಲ್ ಎಷ್ಟು ಕುಡಿಯುತ್ತದೆ. ಇಲ್ಲಿ ಆ ಲೆಕ್ಕ ಸಾಲದು. ಹೊಸದಾಗಿ ಲೈಸೆನ್ಸ್ ಪಡೆದ ಹದಿಹರೆಯದವರಿಗೆ ಮೊದಲ ವರ್ಷದ ಇನ್ಶೂರೆನ್ಸ್ ಹಳೆಯ ಕಾರಿನ ಬೆಲೆಯನ್ನೇ ಮೀರಬಹುದು. ಮೂಗಿಗಿಂತ ಮೂಗುತಿ ಭಾರ ಆಗಬಾರದೆಂದರೆ ಮೂಗುತಿಯ ತೂಕವನ್ನೇ ಮೊದಲು ನೋಡಬೇಕು.

ಯಾವ ಕಾರು?

ಇಲ್ಲಿನ ಹಳೆಯ ಕಾರುಗಳನ್ನು ಇನ್ಶೂರೆನ್ಸಿಗಾಗಿ 1ರಿಂದ 50ರವರೆಗಿನ ಗುಂಪುಗಳಾಗಿ ವಿಂಗಡಿಸಿದ್ದಾರೆ. ಸಂಖ್ಯೆ ಚಿಕ್ಕದಾದಷ್ಟೂ ಪ್ರೀಮಿಯಂ ಇಳಿಯುತ್ತದೆ. ಒಂದು ಲೀಟರ್ ಎಂಜಿನ್ನಿನ ಹ್ಯುಂಡೈ ಐ10, ಕಿಯಾ ಪಿಕಾಂಟೋ, ಫೋಕ್ಸ್‌ವ್ಯಾಗನ್ ಅಪ್, ಟೊಯೋಟಾ ಐಗೊ ಮೊದಲಾದವು ಕೆಳಗಿನ ಗುಂಪುಗಳಲ್ಲಿ ಸಿಗುತ್ತವೆ. ಸ್ಕೋಡಾ ಸಿಟಿಗೊ ಮತ್ತು ಸಿಯಾಟ್ ಮೀ ಒಳಗಿನಿಂದ ಬಹುಮಟ್ಟಿಗೆ ಅಪ್ ಕಾರೇ. ಆದ್ದರಿಂದ ಮೂರು ಹೆಸರಿನಲ್ಲೂ ಹುಡುಕಿ. ಒಂದೇ ಮಾದರಿಯಲ್ಲೂ ಎಂಜಿನ್ ಬದಲಾದರೆ ಗುಂಪು ಬದಲಾಗುತ್ತದೆ. ಹಾಗಾಗಿ ಜಾಹೀರಾತಿನಲ್ಲಿರುವ ನಂಬರ್ ಪ್ಲೇಟ್ ಹಾಕಿ, ಮಗುವಿನ ನಿಜವಾದ ವಯಸ್ಸು, ವಿಳಾಸ ಕೊಟ್ಟು ಕೊಟೇಶನ್ ತೆಗೆಯಿರಿ. ಅದು ಕೈಗೆ ಬರುವವರೆಗೆ ಯಾರಿಗೂ ಮುಂಗಡ ಕೊಡಬೇಡಿ.

ಊರಿನ ಡಿಎಲ್ ಇರುವ ಮಕ್ಕಳಿಗೂ ಒಂದು ಮಾತು. ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಅದರ ಮೇಲೆ ಓಡಿಸಬಹುದು, ಆದರೆ ಅದನ್ನು ಇಲ್ಲಿನ ಲೈಸೆನ್ಸಿಗೆ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಟೆಸ್ಟ್ ಕೊಡಲೇಬೇಕು. ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಪಾಸಾದವರು ಗೇರಿನ ಕಾರು ಓಡಿಸುವಂತಿಲ್ಲ. ಅಗ್ಗದ ಸಣ್ಣ ಕಾರುಗಳಲ್ಲಿ ಬಹುಪಾಲು ಗೇರಿನವೇ ಆದ್ದರಿಂದ, ಯಾವುದರಲ್ಲಿ ಕಲಿಯಬೇಕೆಂದು ತರಬೇತಿಗೆ ಸೇರುವಾಗಲೇ ಯೋಚಿಸಿ.

ಅಪ್ಪನ ಹೆಸರಿನ ಪಾಲಿಸಿ ಬೇಡ

"ಪಾಲಿಸಿ ನಿಮ್ಮ ಹೆಸರಲ್ಲಿ ಮಾಡಿಸಿ, ಮಗನನ್ನು ಎರಡನೇ ಚಾಲಕ ಅಂತ ಸೇರಿಸಿ, ಅರ್ಧ ದುಡ್ಡು ಉಳಿಯುತ್ತೆ" ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಕಿವಿಗೊಡಬೇಡಿ. ದಿನವೂ ಓಡಿಸುವವನು ಮಗನಾಗಿದ್ದು ಅಪ್ಪನನ್ನು ಮುಖ್ಯ ಚಾಲಕ ಎಂದು ತೋರಿಸುವುದಕ್ಕೆ ಇಲ್ಲಿ ಫ್ರಂಟಿಂಗ್ ಎನ್ನುತ್ತಾರೆ. ಅದು ವಂಚನೆ. ಅಪಘಾತವಾದ ದಿನ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು, ಮಗುವನ್ನು ಇನ್ಶೂರೆನ್ಸ್ ಇಲ್ಲದೆ ಓಡಿಸಿದವರ ಸಾಲಿಗೆ ನಿಲ್ಲಿಸಬಹುದು. ಒಮ್ಮೆ ಪಾಲಿಸಿ ಹೀಗೆ ರದ್ದಾದರೆ ಮುಂದೆ ಪ್ರತಿ ಕಂಪನಿಗೂ ಅದನ್ನು ಹೇಳಬೇಕಾಗುತ್ತದೆ.

ನೇರ ದಾರಿಗಳೂ ಇವೆ. ಪಾಲಿಸಿ ಮಗುವಿನ ಹೆಸರಿನಲ್ಲೇ ಇದ್ದು, ಆಗಾಗ ಓಡಿಸುವ ಅಪ್ಪ ಅಮ್ಮನನ್ನು ಹೆಚ್ಚುವರಿ ಚಾಲಕರಾಗಿ ಸೇರಿಸಿದರೆ ಪ್ರೀಮಿಯಂ ಇಳಿಯಬಹುದು. ನೀವೇ ಹೊಸದಾಗಿ ಇಲ್ಲಿನ ಲೈಸೆನ್ಸ್ ಪಡೆದವರಾದರೆ ಆ ಲಾಭ ಕಡಿಮೆ. ಸೇರಿಸಿಯೂ ಸೇರಿಸದೆಯೂ ಕೊಟೇಶನ್ ತೆಗೆದು ಹೋಲಿಸಿ. ಕಾರಿನ ವೇಗ, ಬ್ರೇಕ್ ಹಿಡಿಯುವ ರೀತಿ, ಓಡಿಸುವ ಹೊತ್ತು ಎಲ್ಲವನ್ನೂ ದಾಖಲಿಸುವ ಬ್ಲ್ಯಾಕ್ ಬಾಕ್ಸ್ ಪಾಲಿಸಿಯನ್ನೂ ಕೇಳಿ ನೋಡಿ. ಥರ್ಡ್ ಪಾರ್ಟಿಯೇ ಅಗ್ಗ ಎಂದು ಊಹಿಸಬೇಡಿ. ಇಲ್ಲಿ ಎಷ್ಟೋ ಸಲ ಕಾಂಪ್ರೆಹೆನ್ಸಿವ್ ಪಾಲಿಸಿಯೇ ಕಡಿಮೆಗೆ ಬರುತ್ತದೆ.

ನೋಡಲು ಹೋಗುವ ಮೊದಲು

ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ, ಅಂದರೆ ರಸ್ತೆಗೆ ಯೋಗ್ಯವೇ ಎಂದು ನೋಡುವ ತಪಾಸಣೆ ಕಡ್ಡಾಯ. ಅದರ ಇತಿಹಾಸ ಸರ್ಕಾರದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ, ನಂಬರ್ ಪ್ಲೇಟ್ ಹಾಕಿದರೆ ಸಾಕು. ಅದನ್ನು ಸಾವಕಾಶವಾಗಿ ಓದಿ. ಮೈಲಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗಬೇಕು. ಒಂದು ವರ್ಷ 55,000 ಇದ್ದದ್ದು ಮರುವರ್ಷ 41,000 ಆಗಿದ್ದರೆ ಸಮಾಧಾನಕರ ವಿವರಣೆ ಸಿಗದ ಹೊರತು ಆ ಕಾರು ಬೇಡ. ಪಾಸಾದ ಕಾರಿಗೂ ಕೆಳಗೆ 'ಅಡ್ವೈಸರಿ' ಎಂಬ ಎಚ್ಚರಿಕೆಗಳು ಇರುತ್ತವೆ. ಬ್ರೇಕ್ ಪೈಪಿಗೆ ತುಕ್ಕು, ಟೈರ್ ಸವೆತ ಎಂಬ ಅದೇ ಮಾತು ವರ್ಷ ವರ್ಷವೂ ಮರಳಿ ಬಂದಿದ್ದರೆ, ಆ ಕಾರಿಗೆ ಯಾರೂ ಆರೈಕೆ ಮಾಡಿಲ್ಲ ಎಂದೇ ತಿಳಿಯಿರಿ. ಸಾಲ ಬಾಕಿ ಇದೆಯೇ, ಹಿಂದೆ ಅಪಘಾತದಲ್ಲಿ ರೈಟ್‌ಆಫ್ ಆಗಿತ್ತೇ (ಇನ್ಶೂರೆನ್ಸ್ ಕಂಪನಿ ರಿಪೇರಿ ಬೇಡವೆಂದು ಕೈಬಿಟ್ಟಿತ್ತೇ) ಎಂದು ತಿಳಿಯಲು ಸ್ವಲ್ಪ ಹಣ ಕೊಟ್ಟು ಬೇರೆ ತಪಾಸಣೆ ಮಾಡಿಸಬೇಕು. ಆ ಹಣ ದಂಡವಲ್ಲ.

ನೋಡಲು ಹಗಲಿನಲ್ಲೇ ಹೋಗಿ. ಬಾನೆಟ್ ಮುಟ್ಟಿ ನೋಡಿ. ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ತೊಂದರೆ ಇದೆಯೇ ಎಂಬುದು ನಿಮಗೆ ತಿಳಿಯದೇ ಹೋಗುತ್ತದೆ. 20 ಪೆನ್ಸ್ ನಾಣ್ಯವನ್ನು ಟೈರಿನ ಗೀರಿನೊಳಗೆ ಇಳಿಸಿ. ನಾಣ್ಯದ ಹೊರ ಅಂಚಿನ ಪಟ್ಟಿ ಕಾಣುತ್ತಿದ್ದರೆ ಆಳ ಕಾನೂನು ಕೇಳುವ 1.6 ಮಿಲಿಮೀಟರಿಗಿಂತ ಕಡಿಮೆ ಇರುವ ಸಾಧ್ಯತೆಯಿದೆ. ಕಾರಿನ ನೋಂದಣಿ ದಾಖಲೆಯಾದ ವಿ5ಸಿಯಲ್ಲಿರುವ ವಿಳಾಸಕ್ಕೇ ಹೋಗಿ ಕಾರು ನೋಡಿ. ಡೀಲರ್ ಹತ್ತಿರ ಕೊಂಡರೆ, ದೋಷ ಕಂಡಲ್ಲಿ 30 ದಿನದೊಳಗೆ ಹಿಂದಿರುಗಿಸುವ ಹಕ್ಕು ಕಾನೂನಿನಲ್ಲಿದೆ. ಖಾಸಗಿಯವರ ಹತ್ತಿರ ಕೊಂಡರೆ ಅಷ್ಟು ರಕ್ಷಣೆ ಇಲ್ಲ.

ರಸ್ತೆಗೆ ಇಳಿಯುವ ಮುನ್ನ

ಹಳೆಯ ಮಾಲೀಕರು ಕಟ್ಟಿದ ರೋಡ್ ಟ್ಯಾಕ್ಸ್ 2014ರಿಂದೀಚೆಗೆ ಕಾರಿನ ಜೊತೆ ಬರುವುದಿಲ್ಲ. ಟ್ಯಾಕ್ಸ್ ಕಟ್ಟಿ, ಪಾಲಿಸಿ ಶುರುವಾದ ಮೇಲೆಯೇ ಮನೆಗೆ ಓಡಿಸಿಕೊಂಡು ಬನ್ನಿ. ಲಂಡನ್ನಿನಲ್ಲಿರುವವರು ಹೆಚ್ಚು ಹೊಗೆ ಬಿಡುವ ವಾಹನಗಳಿಗೆ ಶುಲ್ಕ ಹಾಕುವ ಯುಲೆಜ್ ನಿಯಮವನ್ನೂ ನೋಡಿಕೊಳ್ಳಿ. 2006ರಿಂದೀಚಿನ ಬಹುತೇಕ ಪೆಟ್ರೋಲ್ ಕಾರುಗಳಿಗೆ ತೊಂದರೆ ಇಲ್ಲ, ಆದರೆ 2015ಕ್ಕಿಂತ ಹಳೆಯ ಡೀಸೆಲ್ ಆದರೆ ಓಡಿಸಿದ ದಿನಕ್ಕೆ 12.50 ಪೌಂಡ್ ಕಟ್ಟಬೇಕಾಗಿ ಬರಬಹುದು.

ಕೊನೆಯ ಮಾತು ಮಕ್ಕಳಿಗೆ. ಟೆಸ್ಟ್ ಪಾಸಾದ ಎರಡು ವರ್ಷದೊಳಗೆ ತಪ್ಪುಗಳಿಗಾಗಿ ಲೈಸೆನ್ಸಿನ ಮೇಲೆ 6 ಪೆನಾಲ್ಟಿ ಪಾಯಿಂಟ್ ಬಿದ್ದರೆ ಲೈಸೆನ್ಸ್ ರದ್ದಾಗುತ್ತದೆ, ಥಿಯರಿಯಿಂದ ಹಿಡಿದು ಎಲ್ಲ ಟೆಸ್ಟ್‌ಗಳನ್ನೂ ಮತ್ತೆ ಕೊಡಬೇಕು. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದರೆ ಒಂದೇ ಏಟಿಗೆ 6 ಪಾಯಿಂಟ್, 200 ಪೌಂಡ್ ದಂಡ. ಈ ಎರಡು ವರ್ಷ ನಿಗಾ ಇಟ್ಟು ಓಡಿಸಿ, ಕ್ಲೇಮ್ ಇಲ್ಲದೆ ಕಳೆದರೆ ನೋ ಕ್ಲೇಮ್ ಬೋನಸ್ ನಿಮ್ಮ ಹೆಸರಿನಲ್ಲೇ ಕೂಡುತ್ತಾ ಹೋಗುತ್ತದೆ. ಅಪ್ಪನ ಹೆಸರಿನ ಪಾಲಿಸಿಯಲ್ಲಿ ಅದು ಅಪ್ಪನ ಪಾಲಾಗುತ್ತದೆ. ಮುಂದಿನ ಕಾರು ಕೊಳ್ಳುವಾಗ ಪ್ರೀಮಿಯಂ ಇಳಿಸುವುದು ನೀವು ಸಂಪಾದಿಸಿದ ಆ ಬೋನಸ್ಸೇ.